ಬ್ರೇಕಿಗೆ ಬಿಟ್ಟ ಎಣ್ಣೆ

ಮಂಗಳವಾರ, ಶುಕ್ರವಾರ ಬಂತೆಂದರೆ ಕುಳ್ಳಮ್ಮನಿಗೆ ನಾಲ್ಕು ಕೈಯಿದ್ದರೂ ಸಾಲುತ್ತಿರಲಿಲ್ಲ. ಒಂದು ಒಲೆಯ ಮೇಲೆ ಮನೆಮಂದಿಗೆ ಹುರುಳಿಕಾಳಿನ ಉಪ್ಪೆಸರು, ಇನ್ನೊಂದರ ಮೇಲೆ ಸೊಸೆ ರೂಪಶ್ರೀಗೆ ಉಪ್ಪಿಲ್ಲದ ಸೊಪ್ಪು. ಆ ಸೊಪ್ಪನ್ನು ಒಂದು ಸಲ ಬೇಯಿಸಿ ನೀರು ಬಸಿದು ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಬೇಯಿಸಬೇಕು. ಕುಡಿಯುವ ನೀರನ್ನೂ ಬೆಳಿಗ್ಗೆಯೇ ಅಳೆದು ಒಂದು ಸ್ಟೀಲ್ ಬಾಟಲಿಗೆ ತುಂಬಿಸಿಡಬೇಕು. ದಿನವೆಲ್ಲ ಅಷ್ಟೇ. ರೂಪಶ್ರೀಯ ಎರಡೂ ಕಿಡ್ನಿ ಕೆಟ್ಟಮೇಲೆ, ವಾರಕ್ಕೆರಡು ಸಲ ಮೈಸೂರಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದು ಆ ಮನೆಯ ದಿನಚರಿಯಾಗಿತ್ತು. "ಅರ್ಧ ಔಷಧಿ ನಿಮ್ಮ ಅಡುಗೆಮನೇಲೇ ಇರೋದು" ಎಂದು ಡಾಕ್ಟರು ಹೇಳಿದ ದಿನದಿಂದ ಕುಳ್ಳಮ್ಮ ಒಲೆಯ ಹತ್ತಿರ ಇನ್ನೊಬ್ಬರ ಕೈ ಸೇರಿಸಿದವಳಲ್ಲ.

ಅಂಗಳದಲ್ಲಿ ಗಂಡ ಕರಿಯಯ್ಯ ಕಾರಿನ ಬಾನೆಟ್ ಎತ್ತಿ ನಿಲ್ಲಿಸಿ ಕೂಗಿದ.

"ಏ ಕುಳ್ಳೀ, ಬಾ ಇಲ್ಲಿ ಒಸಿ."

"ಸೊಪ್ಪು ಉಕ್ಕೋಯ್ತದೆ ಕಣ್ರೀ!"

"ಉಕ್ಲಿ ಬುಡು. ಇಂಜಿನ್ ಕೂತೋದ್ರೆ ಆ ಸೊಪ್ಪು ತಿನ್ನೋಳ್ನ ಮೈಸೂರ್ಗೆ ಒತ್ಕಂಡೋಗೋರು ಯಾರು, ನೀನಾ?"

ಕುಳ್ಳಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಕರಿಯಯ್ಯ ಆಯಿಲ್ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಬಿಟ್ಟು ಎಳೆದು, ತಾನೇ ನೋಡುವವನಂತೆ ಮುಖದ ಹತ್ತಿರ ಹಿಡಿದ. ಕುಳ್ಳಮ್ಮ ಬಗ್ಗಿ ಮೆಲ್ಲಗೆ ಹೇಳಿದಳು: "ಎರಡು ಗೀಟಿನ ಮಧ್ಯಕ್ಕದೆ."

"ಬಣ್ಣ?"

"ಕಪ್ಪಗದೆ. ತೀರಾ ಅಲ್ಲ."

"ಆಯಿಲ್ ಸರಿಯಾಗ್ ಅದೆ ಕಣ್ಲಾ ನಟರಾಜ!" ಎಂದು ಕರಿಯಯ್ಯ ಇಡೀ ಬೀದಿಗೆ ಕೇಳುವಂತೆ ಸಾರಿದ.

ಈ ಆಟ ನಡೆಯಲು ಶುರುವಾಗಿ ಬಹಳ ಕಾಲವಾಗಿತ್ತು. ಸರಗೂರು, ಕೋಟೆ, ಹುಣಸೂರು ಎಂದು ಅರ್ಧ ಆಯುಸ್ಸು ಟ್ಯಾಕ್ಸಿ ಓಡಿಸಿದ ಕರಿಯಯ್ಯನಿಗೆ ಕಣ್ಣು ಸುತ್ತಲಿಂದ ಕತ್ತಲಾಗುತ್ತ ಬಂದು, ಈಗ ನಡುವೆ ಒಂದಿಷ್ಟು ಮಂಜು ಮಾತ್ರ ಉಳಿದಿತ್ತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲವೆಂದು ಮೈಸೂರಿನ ಕಣ್ಣಿನ ಡಾಕ್ಟರು ಹೇಳಿದಾಗ ಪಕ್ಕದಲ್ಲಿದ್ದವಳು ಕುಳ್ಳಮ್ಮ ಒಬ್ಬಳೇ. ಬಸ್ಸಿನಲ್ಲಿ ವಾಪಸು ಬರುವಾಗ, "ಮನೇಲಿ ಯೋಳ್ಬೇಡ. ಕಾರ್ ಮುಟ್ಟಕ್ ಬುಡಲ್ಲ ಆಮೇಲೆ" ಎಂದಿದ್ದ. ಅಂದಿನಿಂದ ಅವನ ಕಣ್ಣು ಇವಳೇ. ಓಡಿಸುವುದನ್ನು ಅವನು ಮಗನಿಗೆ ಬಿಟ್ಟಿದ್ದ, ನೋಡಿಕೊಳ್ಳುವುದನ್ನು ಬಿಟ್ಟಿರಲಿಲ್ಲ.

ನೋಡಿಕೊಳ್ಳುತ್ತಿದ್ದದ್ದೂ ಹಾಗೇ. ಸಂಜೆ ಕಾರಿನ ಕೆಳಗೆ ಹಳೇ ಪೇಪರ್ ಹಾಸಿ, ಬೆಳಿಗ್ಗೆ ಎಳೆದು, ಯಾವ ಜಾಗದಲ್ಲಿ ತೊಟ್ಟಿಕ್ಕಿದೆ ಎಂದು ಕುಳ್ಳಮ್ಮನನ್ನು ಕೇಳುತ್ತಿದ್ದ. ಬ್ಯಾಟರಿಯ ತಲೆಯಲ್ಲಿ ಬಿಳಿ ಬೂಷ್ಟು ಕಟ್ಟಿದರೆ ಬಿಸಿನೀರು ಹುಯ್ದು ತೊಳೆದು, ಒಣಗಿಸಿ, ವ್ಯಾಸಲೀನ್ ಸವರುತ್ತಿದ್ದ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಅದುಮಿ ಸಡಿಲವೋ ಬಿಗಿಯೋ ಹೇಳುತ್ತಿದ್ದ. ಇಲಿ ವೈರು ಕಡಿಯದಿರಲೆಂದು ಬಾನೆಟ್ಟಿನೊಳಗೆ ನುಸಿಗುಳಿಗೆಯ ಗಂಟು ಕಟ್ಟಿದ್ದ. ಚಕ್ರಕ್ಕೆ ಕಲ್ಲು ಕೊಡದೆ ಜಾಕ್ ಎತ್ತಿದರೆ ಮಗನಾದರೂ ಬೈಸಿಕೊಳ್ಳುತ್ತಿದ್ದ. ಇಪ್ಪತ್ತೈದು ವರ್ಷ ದಾಟಿದ ಆ ಬಿಳಿ ಅಂಬಾಸಿಡರಿನ ಹಿಂದಿನ ಸೀಟು ಮಂಚದಷ್ಟು ಅಗಲ. ಆಸ್ಪತ್ರೆಯಿಂದ ಬರುವಾಗ ತಲೆ ತಿರುಗಿ, ವಾಂತಿಯಾಗಿ, ಕಾಲು ಸೆಳೆದು ಬಸವಳಿಯುವ ರೂಪಶ್ರೀ ಅದರಲ್ಲೇ ಮಲಗಿ ಬರುತ್ತಿದ್ದಳು.

ತಿಂಡಿಗೆ ಕೂತಾಗ ನಟರಾಜು ಎಂದಿನ ಮಾತು ತೆಗೆದ. ಅವನು ಊರ ಹಾಲಿನ ಡೈರಿಯಲ್ಲಿ ಬೆಳಗಿನ ಹಾಲು ಅಳೆದು, ಬಂದು ನಾಲ್ಕು ತುತ್ತು ನುಂಗಿ ಕಾರು ಹತ್ತುವವನು.

"ಅಪ್ಪಾ, ಕೋಟೆ ವಿರೂಪಾಕ್ಷನ ಗ್ಯಾರೇಜಿಗೆ ಒಂದ್ಸಲ ಬುಟ್ಟು ಬರನ ಕಣಪ್ಪ. ಎಲ್ಲಾನೂ ಬಿಚ್ಚಿ ನೋಡ್ಲಿ."

"ಬಿಚ್ತಾನೆ, ಸರಿ. ಜೋಡುಸ್ತಾನಾ? ಅವ್ನು ಚಡ್ಡಿ ಆಕೋದ್ ಕಲಿಯಕ್ ಮುಂಚೆ ನಾನು ಸ್ಪ್ಯಾನರ್ ಇಡ್ದೋನು."

"ಇಡ್ದಿದ್ದೆ, ಒಪ್ಕತೀನಿ. ನಿನ್ನ ಕಣ್ಣು ಮಂಜಾಯ್ತು ಅಂತ ಗೊತ್ತಾದ ದಿನವೇ ಗುಜರಿಗೆ ಆಕ್ತೀನಿ ನೋಡು."

ನಟರಾಜು ನಗುತ್ತಲೇ ಅಂದದ್ದು. ಕುಳ್ಳಮ್ಮ ಮಾತ್ರ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ಸುಮ್ನಿರಿ ನೀವು," ಎಂದು ರೂಪಶ್ರೀ ಗಂಡನನ್ನು ಗದರಿದಳು. "ಮಾವ ಕೈಯಾಡಿಸಿದ್ರೇನೇ ನನಗೆ ಧೈರ್ಯ. ಅತ್ತೆ ಅಡುಗೆ, ಮಾವನ ಕಾರು. ಇಷ್ಟರ ಮೇಲೇ ನಾನು ಉಸಿರಾಡ್ತಿರೋದು."

ಒಂಬತ್ತನೇ ಕ್ಲಾಸಿನ ಹರ್ಷಿತಾ ಬ್ಯಾಗು ಹೆಗಲಿಗೇರಿಸಿ ಅಮ್ಮನ ಎಡಗೈಗೆ ಕಿವಿಯಾನಿಸಿದಳು. ಡಯಾಲಿಸಿಸ್ ಸೂಜಿ ಚುಚ್ಚಲು ಡಾಕ್ಟರು ಆ ಕೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದರು. ಅಲ್ಲಿ ರಕ್ತ ಸದಾ ಗುಂಯ್ ಎಂದು ಹರಿಯುತ್ತಿತ್ತು. ಆ ಸದ್ದು ಕೇಳಿಸಿಕೊಳ್ಳದೆ ಅವಳು ಸ್ಕೂಲಿಗೆ ಹೋದದ್ದೇ ಇಲ್ಲ.

"ಐತಾ?" ಎಂದಳು ರೂಪಶ್ರೀ.

"ಐತೆ. ಜೇನುಹುಳ ಇನ್ನೂ ಮನೇಲೇ ಐತೆ," ಎಂದು ಹುಡುಗಿ ಓಡಿದಳು.

ಮಾರ್ನಮಿ ಬಂತು. ಕುಳ್ಳಮ್ಮ ಮನೆಯ ಮೂಲೆಮೂಲೆಯನ್ನೂ ಬಳಿದು ತೊಳೆದಳು. ಆಯುಧಪೂಜೆಯ ಹಿಂದಿನ ದಿನ ಕೊಟ್ಟಿಗೆಯ ಹಲಗೆ ಮೇಲಿದ್ದ ಗಂಡನ ಸಾಮಾನನ್ನೆಲ್ಲ ಇಳಿಸಿದಳು. ಸ್ಪ್ಯಾನರುಗಳಿಗೆ ಅರಿಶಿನ ಕುಂಕುಮವಾಗಬೇಕು, ಹಲಗೆಯೂ ಚೊಕ್ಕಟವಾಗಬೇಕು. ಜಿಡ್ಡು ಹಿಡಿದ ಎರಡು ಪ್ಲಾಸ್ಟಿಕ್ ಬಾಟಲಿಗಳ ತಳದಲ್ಲಿ ಒಂದಿಷ್ಟೊಂದಿಷ್ಟು ಎಣ್ಣೆ ಉಳಿದಿತ್ತು. ಎರಡೂ ಕಾರಿಗೆ ಬಿಡುವಂಥದ್ದೇ. ಅವಳು ಉಪ್ಪಿನಕಾಯಿಯ ತಳ, ತುಪ್ಪದ ತಳ ಎಲ್ಲವನ್ನೂ ಹಬ್ಬಕ್ಕೆ ಹೇಗೆ ಒಂದರೊಳಗೊಂದು ಬಗ್ಗಿಸಿ ಪಾತ್ರೆ ಖಾಲಿ ಮಾಡುತ್ತಿದ್ದಳೋ, ಹಾಗೇ ಉದ್ದನೆಯದನ್ನು ಗಿಡ್ಡದಕ್ಕೆ ಬಗ್ಗಿಸಿದಳು. ಖಾಲಿಯಾದದ್ದನ್ನು ಸೀಗೇನೀರಲ್ಲಿ ತೊಳೆದು ಬಚ್ಚಲಿಗೆ ಇಟ್ಟಳು. ಎಣ್ಣೆ ಸೇರಿದ್ದನ್ನು ಒರೆಸಿ ಹಲಗೆಯ ಮೇಲೆ ಅದರ ಜಾಗದಲ್ಲೇ ನಿಲ್ಲಿಸಿದಳು. ಅಚ್ಚುಕಟ್ಟಾಯಿತೆಂದು ಅವಳಿಗೆ ಸಮಾಧಾನವೂ ಆಯಿತು.

ಹಬ್ಬ ಚೆನ್ನಾಗಿಯೇ ಆಯಿತು. ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಕಾರು ಮುಂದೆ ಸರಿಸಿದರು. ಬೂದುಗುಂಬಳ ಒಡೆದದ್ದು ಕರಿಯಯ್ಯನೇ. ಅದು ಸರಿಯಾಗಿ ಎರಡು ಹೋಳಾದದ್ದಕ್ಕೆ ರೂಪಶ್ರೀ ಚಪ್ಪಾಳೆ ತಟ್ಟಿದಳು.

ಹಬ್ಬ ಕಳೆದ ಮೇಲೆ ನಟರಾಜು, "ಬ್ರೇಕು ಒಸಿ ಒಳಿಕ್ಕೋಯ್ತದೆ ಕಣಪ್ಪ" ಎಂದ. ಕರಿಯಯ್ಯ ಅವನು ಡೈರಿಗೆ ಹೋಗುವುದನ್ನೇ ಕಾದು ಹೆಂಡತಿಯನ್ನು ಕರೆದ.

"ಬ್ರೇಕ್ ಆಯಿಲ್ ಡಬ್ಬಿಲಿ ಎಷ್ಟದೆ ನೋಡು."

"ಕೆಳಗಿನ ಗೀಟ್ಗೆ ಇಳ್ದದೆ."

"ಹಲ್ಗೆ ಮ್ಯಾಲಿನ್ ಬಾಟ್ಲಿ ಕೊಡು. ಗಿಡ್ಡುಂದು."

ಅವಳು ಕೊಟ್ಟಳು. ಅವನು ಬೆರಳ ತುದಿಗೆ ಒಂದು ತೊಟ್ಟು ಹಚ್ಚಿಕೊಂಡು ಹೆಬ್ಬೆರಳಲ್ಲಿ ಉಜ್ಜಿದ. ಇನ್ನೊಂದು ಸಲ ಉಜ್ಜಿದ.

"ಮಂದವಾಗ್ ಅದಲ್ಲಾ ಕುಳ್ಳಿ?"

"ಎಷ್ಟ್ ದಿನದ್ದೋ. ಮಡಗಿ ಮಡಗಿ ಗಟ್ಟಿಯಾಗಿರ್ತದೆ."

"ಅದೇ ಬಾಟ್ಲಿ ತಾನೆ?"

"ಅದೇ ಕಣ್ರೀ. ನಿಮ್ ಹಲ್ಗೆ ಮ್ಯಾಲಿದ್ದುದ್ದೇ. ನಂಗೆ ಕಣ್ಣಿಲ್ವಾ?"

ಕರಿಯಯ್ಯ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. ಅವನ ಬೆರಳು ಒಂದು ಹೇಳಿತ್ತು, ಹೆಂಡತಿ ಇನ್ನೊಂದು ಹೇಳಿದ್ದಳು. ಅವನು ಹೆಂಡತಿಯ ಮಾತನ್ನು ನಂಬಿ ಎಣ್ಣೆ ಬಿಟ್ಟ.

ಅದಾಗಿ ಎರಡು ವಾರ ಏನೂ ಆಗಲಿಲ್ಲ. ಬ್ರೇಕು ಹಿಡಿದುಕೊಂಡಂಗಾಗುತ್ತದೆ ಎಂದು ನಟರಾಜು ಒಂದೆರಡು ಸಲ ಗೊಣಗಿದ. ಈಗ ತಾನೆ ಬಿಟ್ಟ ಆಯಿಲ್ಲು, ಪಳಗಬೇಕು ಎಂದು ಕರಿಯಯ್ಯ ಹೇಳಿದ. ಒಂದು ಶುಕ್ರವಾರ ಮಧ್ಯಾಹ್ನ ಮೈಸೂರಿನಿಂದ ಬರುವಾಗ, ಹಂಪಾಪುರ ಇನ್ನೂ ಮುಂದಿರುವಾಗಲೇ, ಒಂದು ಇಳಿಜಾರಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು ಅಡ್ಡ ಸಿಕ್ಕಿತು. ನಟರಾಜು ತುಳಿದ ಬ್ರೇಕು ನೆಲಕ್ಕೆ ಹೋಗಿ ಕೂತಿತು. ಅವನು ಸ್ಟೀರಿಂಗ್ ಎಳೆದು ಕಾರನ್ನು ರಾಗಿ ಹೊಲಕ್ಕೆ ನುಗ್ಗಿಸಿದ. ಬದುವಿಗೆ ಬಡಿದು ನಿಂತಿತು.

ಜೀವಕ್ಕೇನೂ ಆಗಲಿಲ್ಲ. ನಟರಾಜನ ಹಣೆಯಲ್ಲಿ ಒಂದು ಗೀರು, ಅಷ್ಟೇ. ಆದರೆ ಹಿಂದಿನ ಸೀಟಿನಲ್ಲಿ ಮಲಗಿದ್ದ ರೂಪಶ್ರೀ ಸಂದಿಗೆ ಉರುಳಿ ಬಿದ್ದಿದ್ದಳು, ಎಡಗೈ ಮೈಕೆಳಗೆ ಸಿಕ್ಕಿಕೊಂಡಿತ್ತು. ರಸ್ತೆಯಲ್ಲಿ ಹೋಗುತ್ತಿದ್ದವರು ಅವರನ್ನು ಒಂದು ಆಟೋಗೆ ಹತ್ತಿಸಿ ಮನೆಗೆ ಕಳಿಸಿದರು. ಹರ್ಷಿತಾ ಓಡಿಬಂದು ಮೊದಲು ಮಾಡಿದ ಕೆಲಸ ಆ ಕೈಗೆ ಕಿವಿಯಾನಿಸಿದ್ದು. ಒತ್ತಿ ಆನಿಸಿದಳು. ಕೈಯ ಕೆಳಗೊಮ್ಮೆ, ಮೇಲೊಮ್ಮೆ ಹುಡುಕಿದಳು.

"ಅಮ್ಮಾ, ಕೇಳಿಸ್ತಿಲ್ಲ."

ಕೂಡಲೇ ಮೈಸೂರಿಗೆ ವಾಪಸು ಕರೆದೊಯ್ದರೂ ಕೈಯಲ್ಲಿ ರಕ್ತ ಹೆಪ್ಪುಗಟ್ಟಿಬಿಟ್ಟಿತ್ತು. ಡಾಕ್ಟರು ಸದ್ಯಕ್ಕೆ ಡಯಾಲಿಸಿಸ್ಸಿಗೆಂದು ಕುತ್ತಿಗೆಯಲ್ಲಿ ಒಂದು ಟ್ಯೂಬು ಇಳಿಸಿ ಕಳಿಸಿದರು. ಅದಕ್ಕೆ ನೀರು ಸೋಕಬಾರದು, ಸೋಂಕು ತಗುಲಿದರೆ ಅಪಾಯ. ಬಲಗೈಯಲ್ಲಿ ಹೊಸದಾಗಿ ಮಾಡಲು ರಕ್ತನಾಳ ಸಣ್ಣವಿವೆ, ನೋಡೋಣ ಎಂದರು. ಡಾಕ್ಟರು ಅಂದ ಆ 'ನೋಡೋಣ'ವನ್ನು ಮನೆಯಲ್ಲಿ ಯಾರೂ ಇನ್ನೊಮ್ಮೆ ಬಾಯಿಬಿಟ್ಟು ಹೇಳಲಿಲ್ಲ.

ಗ್ಯಾರೇಜಿನ ವಿರೂಪಾಕ್ಷ ಕಾರನ್ನು ಎಳೆಸಿಕೊಂಡು ಹೋಗಿದ್ದವನು ಎರಡು ದಿನ ಬಿಟ್ಟು ತಾನೇ ಮನೆಗೆ ಬಂದ. ಒಂದು ಕಾಗದದಲ್ಲಿ ಸುತ್ತಿದ ಸಣ್ಣ ರಬ್ಬರು ಬಿಲ್ಲೆಗಳನ್ನು ಜಗಲಿಯ ಮೇಲೆ ಇಟ್ಟ. ಅವು ನೆನೆದ ಕಡಲೆಯ ಹಾಗೆ ಊದಿದ್ದವು.

"ನಟರಾಜಣ್ಣ, ಇವು ಬ್ರೇಕಿನ ರಬ್ಬರು. ಬ್ರೇಕಿಗೆ ಇಂಜಿನ್ ಆಯಿಲ್ ಸೇರ್ಕಂಡದೆ. ಒಂದು ತೊಟ್ಟು ಬಿದ್ರೂ ಸಾಕು, ಇಂಗೆ ಊದ್ಕತವೆ. ಬಿಟ್ಟೋರ್ಯಾರು?"

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಕುಳ್ಳಮ್ಮನಿಗೆ ಬಚ್ಚಲಲ್ಲಿ ತಾನು ತೊಳೆದಿಟ್ಟ ಬಾಟಲಿ ಕಣ್ಣಿಗೆ ಕಟ್ಟಿತು. ಲೋಟ ವಾಲಿ ಕಾಫಿ ನೆಲಕ್ಕೆ ತುಳುಕಿತು. ಆ ಸದ್ದು ಬಂದ ಕಡೆಗೆ ಕರಿಯಯ್ಯ ಮುಖ ತಿರುಗಿಸಿದ.

"ನಾನೇ ಕಣಪ್ಪ," ಎಂದ. "ನಂಗೆ ಕಣ್ಣು ಕಾಣಲ್ಲ. ತಪ್ಪು ಬಾಟ್ಲಿ ಇಡ್ಕಂಡ್ಬುಟ್ಟೆ."

"ಏನಂದೆ?" ನಟರಾಜು ಎದ್ದು ನಿಂತ.

"ಕಾಣಲ್ಲ ಅಂದೆ. ಭಾಳ ದಿನಾಯ್ತು."

"ಕಾಣಲ್ವಾ? ಕಾಣದಿದ್ದೋನು ನನ್ನೆಡ್ತೀನ ಮಲಗ್ಸೋ ಕಾರಿಗೆ ಯಾಕಪ್ಪ ಕೈಯಿಟ್ಟೆ? ಯಾಕಿಟ್ಟೆ? ನಾನೆಷ್ಟ್ ಸಲ ಬಡ್ಕಂಡೆ ಗ್ಯಾರೇಜಿಗೆ ಬುಡನ ಅಂತ? ನಿನ್ನ ಸ್ಪ್ಯಾನರ್ ಜಂಬಕ್ಕೆ ಅವ್ಳ ಕೈ ಹೋಯ್ತಲ್ಲೋ!"

ಅಪ್ಪನಿಗೆ 'ಲೋ' ಅಂದದ್ದು ಅದೇ ಮೊದಲು. ವಿರೂಪಾಕ್ಷ ತಲೆ ತಗ್ಗಿಸಿದ. ಒಳಗೆ ಮಂಚದ ಮೇಲಿದ್ದ ರೂಪಶ್ರೀ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು, ಆದರೆ ಈ ಸಲ ಗಂಡನಿಗೆ ಸುಮ್ಮನಿರಿ ಎನ್ನಲಿಲ್ಲ. ನಟರಾಜು, "ಆ ಗಾಡೀನ ಮನೆಗೆ ತರಬ್ಯಾಡ, ಗುಜರಿಗೆ ಕೊಟ್ಬುಡು" ಎಂದು ವಿರೂಪಾಕ್ಷನಿಗೆ ಹೇಳಿ ಹೊರಟುಹೋದ.

ವಿರೂಪಾಕ್ಷನೂ ಹೋದಮೇಲೆ, ಕೊಟ್ಟಿಗೆಯ ಹಿಂದೆ ಹೋಗಿ ಕೂತ ಗಂಡನ ಕಾಲ ಬಳಿ ಕುಳ್ಳಮ್ಮ ಕುಸಿದಳು.

"ಬೆರೆಸ್ದೋಳು ನಾನು ಕಣ್ರೀ. ಹಬ್ಬದ ಹಿಂದಿನ್ ದಿನ ಎರಡು ಬಾಟ್ಲಿನೂ ಒಂದ್ ಮಾಡ್ಬುಟ್ಟೆ. ಈಗ್ಲೇ ಓಗಿ ಯೋಳ್ತೀನಿ."

"ಬಾಯ್ ಮುಚ್ಚು," ಎಂದ ಕರಿಯಯ್ಯ. ಮೆತ್ತಗೇ ಅಂದ. "ಕಾಫಿ ತುಳುಕ್ದಾಗ್ಲೇ ನಂಗೆ ಗೊತ್ತಾಯ್ತು. ನನ್ ಬೆರಳ್ಗೆ ಮುಂಚೇನೇ ಗೊತ್ತಿತ್ತು. ನಾನೇ ಕೇಳ್ಳಿಲ್ಲ."

"ಅಂಗಂತ ನಿಮ್ ತಲೆ ಮ್ಯಾಲೆ ಎಳ್ಕೊಳೋದಾ?"

"ಲೇ, ನನ್ ಕೆಲ್ಸ ಮುಗೀತು. ಕಾರಿಲ್ಲ, ನಾನಿಲ್ಲ. ನಿನ್ ಕೆಲ್ಸ ಮುಗ್ದಿಲ್ಲ. ರೂಪ ದಿನಾ ತಿನ್ನೋದು ನಿನ್ ಕೈಲಿ. ಎರಡು ಎಣ್ಣೆ ವ್ಯತ್ಯಾಸ ತಿಳೀದೋಳು ಉಪ್ಪು ಬ್ಯಾರೆ ಮಾಡ್ತಾಳಾ ಅಂತ ಒಂದ್ಸಲ ಅನುಮಾನ ಬಂದ್ರೆ, ಅವ್ಳ ಗಂಟ್ಲಾಗೆ ತುತ್ತಿಳೀತದಾ? ಸುಮ್ಕಿರು."

ಕುಳ್ಳಮ್ಮ ಸುಮ್ಮನಾದಳು. ಹೆದರಿಕೆಯೂ ಇತ್ತು, ಅವನ ಮಾತಿನಲ್ಲಿ ನ್ಯಾಯವೂ ಇತ್ತು.

ಆಮೇಲಿನ ವಾರಗಳಲ್ಲಿ ಮನೆ ಎರಡಾಯಿತು. ರೂಪಶ್ರೀ ಬಸ್ಸಿನಲ್ಲಿ ಹೋಗತೊಡಗಿದಳು. ಹೋಗುವಾಗ ಹೇಗೋ ಆಗುತ್ತಿತ್ತು. ಬರುವಾಗ ಕುತ್ತಿಗೆಯ ಟ್ಯೂಬಿಗೆ ಯಾರ ಮೊಣಕೈ ತಾಗುವುದೋ ಎಂದು ನಟರಾಜು ಅವಳ ಪಕ್ಕದಲ್ಲಿ ಎರಡು ಕೈ ಅಡ್ಡ ಹಿಡಿದು ನಿಂತು ಬರುತ್ತಿದ್ದ. ಇಳಿದವಳನ್ನು ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂರಿಸಿ, ವಾಂತಿ ನಿಂತಮೇಲೆ ನಡೆಸಿಕೊಂಡು ಬರುತ್ತಿದ್ದ. ಆ ಹೊತ್ತಿಗೆ ಕರಿಯಯ್ಯ ಜಗಲಿಯಿಂದ ಎದ್ದು ಕೊಟ್ಟಿಗೆಯ ಹಿಂದಕ್ಕೆ ಹೋಗಿಬಿಡುತ್ತಿದ್ದ. ಊಟಕ್ಕೆ ಒಳಗೆ ಬರುವುದನ್ನೂ ಬಿಟ್ಟ. ಯಾರೂ ಬರಬೇಡ ಎಂದಿರಲಿಲ್ಲ. ಬಾ ಎಂದೂ ಅನ್ನಲಿಲ್ಲ.

"ಹರ್ಷಿ, ತಾತುಂಗೆ ತಟ್ಟೆ ಕೊಟ್ಬಾ ಮಗ," ಎಂದಳು ಕುಳ್ಳಮ್ಮ ಒಂದು ಸಂಜೆ.

"ನಾನು ಕೊಡಲ್ಲ."

"ಯಾಕವ್ವ?"

"ಕಣ್ಣು ಕಾಣ್ಸುತ್ತೆ ಅಂತ ಸುಳ್ಳು ಹೇಳಿದ್ದು ಯಾರು? ಅಮ್ಮನ ಕೈ ಸದ್ದು ನಿಲ್ಸಿದ್ದು ಯಾರು? ನೀವೇ ಕೊಡಿ ಅಜ್ಜಿ. ನಿಮ್ಗೆ ಮಾತ್ರ ಅವ್ರ ಮೇಲೆ ಕೋಪ ಬರಲ್ಲ."

ಕರಿಯಯ್ಯ ಜಗಲಿಯಲ್ಲಿ ಅದನ್ನು ಕೇಳಿಸಿಕೊಂಡು, ಕೇಳದವನಂತೆ ಬೀಡಿಗೆ ತಡಕಾಡಿದ.

ಆ ವಾರವೇ ನಟರಾಜು ಒಂದು ತೀರ್ಮಾನ ತಂದ. "ಹೊಸ ಅಗ್ರಹಾರದಿಂದ ಚಿಕ್ಕಣ್ಣ ಚಿಕ್ಕಪ್ಪ ಫೋನ್ ಮಾಡಿದ್ರು. ಅಪ್ಪನ್ನ ಕೆಲವು ದಿನ ಅಲ್ಲಿಗೆ ಕಳ್ಸನ. ಇಲ್ಲಿ ಅವ್ರ ಮುಖ ನೋಡ್ದಾಗೆಲ್ಲ ನಂಗೆ ಬಾಯಿ ತಡಿಯಲ್ಲ ಕಣವ್ವ. ಇವ್ಳು ಮುಖ ನೋಡದೆ ಗೋಡೆ ನೋಡ್ತಾಳೆ."

"ಕಣ್ಣಿಲ್ದೋರು ಗೊತ್ತಿಲ್ದಿರೋ ಮನೇಲಿ ಎಂಗಪ್ಪ ಓಡಾಡ್ತಾರೆ? ಇಲ್ಲಾದ್ರೆ ಬಾವಿ ಯಾವ ಕಡೆ, ಬಚ್ಚಲು ಯಾವ ಕಡೆ ಅಂತ ಕಾಲಿಗೆ ಗೊತ್ತು."

"ನೀನೂ ಜೊತೇಗೋಗವ್ವ ಅನ್ನಕ್ಕಾಯ್ತದಾ? ನೀನಿಲ್ದಿದ್ರೆ ಇವ್ಳ ಅಡುಗೆ?"

ಜಗಲಿಯಿಂದ ಕರಿಯಯ್ಯನ ದನಿ ಬಂತು. "ಓಯ್ತೀನಿ ಕಣ್ಲಾ. ಭಾನುವಾರ ಬಸ್ ಅತ್ತಿಸ್ಬುಡು."

ಶನಿವಾರ ಬೆಳಿಗ್ಗೆ ಕುಳ್ಳಮ್ಮ ಹಿತ್ತಿಲ ಬಿಸಿಲಲ್ಲಿ ಸೊಸೆಯ ತಲೆ ಬಾಚುತ್ತಿದ್ದಳು. ಟ್ಯೂಬಿಗೆ ನೀರು ಸೋಕಬಾರದೆಂದು ಒದ್ದೆ ಬಟ್ಟೆಯಲ್ಲಿ ಕೂದಲನ್ನು ಎಳೆಎಳೆಯಾಗಿ ಒರೆಸಿ, ಸಿಕ್ಕು ಬಿಡಿಸುತ್ತಿದ್ದಳು. ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬರುತ್ತಿತ್ತು.

"ಅತ್ತೆ, ನಿಮ್ಮ ಕೈ ಒಂದಿಲ್ದಿದ್ರೆ ನಾನು ಎಂದೋ ಹೋಗ್ಬಿಡ್ತಿದ್ದೆ," ಎಂದಳು ರೂಪಶ್ರೀ ಕಣ್ಣು ಮುಚ್ಚಿಕೊಂಡೇ.

ಕುಳ್ಳಮ್ಮನ ಕೈ ನಿಂತಿತು. ಆ ಮಾತನ್ನು ಹೊತ್ತುಕೊಂಡು ನಾಳೆ ಗಂಡನನ್ನು ಬಸ್ಸು ಹತ್ತಿಸುವುದು ಅವಳಿಂದಾಗಲಿಲ್ಲ.

"ಬ್ರೇಕ್ನ ಎಣ್ಣೆ ಕೆಡಿಸ್ದೋಳು ನಾನು ಮಗ. ನಿಮ್ ಮಾವ ಅಲ್ಲ."

ರೂಪಶ್ರೀ ಕಣ್ಣು ಬಿಟ್ಟಳು. ಕುಳ್ಳಮ್ಮ ಎಲ್ಲವನ್ನೂ ಹೇಳಿದಳು: ಹಲಗೆ, ಹಬ್ಬ, ಬಗ್ಗಿಸಿದ್ದು, ಮಂದವಾಗಿದೆಯಲ್ಲಾ ಎಂದು ಅವನು ಕೇಳಿದ್ದು, ಅದೇ ಬಾಟಲಿ ಎಂದು ತಾನು ಗದರಿದ್ದು. ಅವನ ಕಣ್ಣಿನ ವಿಷಯ ತನಗೊಬ್ಬಳಿಗೇ ಗೊತ್ತಿದ್ದದ್ದನ್ನೂ ಬಿಡಲಿಲ್ಲ.

ರೂಪಶ್ರೀ ತಿರುಗಿ ಕೂತು ಕೇಳಿದಳು. "ಬಾಟ್ಲಿ ಮೇಲೆ ಬರ್ದಿತ್ತಲ್ವಾ ಅತ್ತೆ?"

"ನಂಗೆ ಓದಕ್ ಎಲ್ ಬತ್ತದೆ ಮಗ?"

"ಹೌದಲ್ಲ." ಆಮೇಲೆ, ಜಗಳದ ದನಿಯಲ್ಲಲ್ಲ, ಸುಮ್ಮನೆ ತಿಳಿದುಕೊಳ್ಳುವವಳಂತೆ ಕೇಳಿದಳು: "ಅಡುಗೆಮನೇಲಿ ಉಪ್ಪಿನ ಡಬ್ಬ ಯಾವ್ದು, ಸೋಡಾದ್ದು ಯಾವ್ದು, ನನ್ನ ಔಷಧಿ ಪುಡಿ ಯಾವ್ದು ಅಂತ ಹೇಗೆ ಗುರ್ತಿಡ್ತೀರಿ?"

"ಕೈಗೆ ಗೊತ್ತಾಯ್ತದೆ ಮಗ. ಇಟ್ಟ ಜಾಗ ತಪ್ಪಲ್ಲ."

ರೂಪಶ್ರೀ ತಲೆಯಾಡಿಸಿದಳು. ಬಾಕಿ ಕೂದಲನ್ನು ತಾನೇ ಎಳೆದುಕೊಂಡು ಗಂಟು ಹಾಕಿ ಒಳಗೆ ಹೋದಳು.

ಅಂದು ಸಂಜೆ ಒಳಗೆ ಗಂಡಹೆಂಡಿರ ಮಾತು ತಗ್ಗಿದ ದನಿಯಲ್ಲಿ ನಡೆಯಿತು. ನಟರಾಜು ಹೊರಗೆ ಬಂದು ಅಪ್ಪನ ಎದುರು ನಿಂತು, ಏನೋ ಹೇಳಲು ಹೋಗಿ ಆಗದೆ, "ನಾಳೆ ಎಲ್ಗೂ ಓಗೋದ್ ಬ್ಯಾಡ" ಎಂದಷ್ಟೇ ಹೇಳಿ ಡೈರಿ ಕಡೆ ನಡೆದ. ಅವ್ವನ ಕಡೆ ತಿರುಗಿ ನೋಡಲಿಲ್ಲ.

ಭಾನುವಾರ ಕುಳ್ಳಮ್ಮ ಎದ್ದು ಅಡುಗೆಮನೆಗೆ ಹೋದಾಗ ಒಲೆ ಆಗಲೇ ಹೊತ್ತಿತ್ತು. ರೂಪಶ್ರೀ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು, ಒಂದು ಕೈಯಲ್ಲಿ ಕಟ್ಟೆ ಹಿಡಿದು ನಿಂತು ಸೊಪ್ಪಿನ ನೀರು ಬಸಿಯುತ್ತಿದ್ದಳು. ಹರ್ಷಿತಾ ಪಕ್ಕದಲ್ಲಿ ಕೂತು ಡಬ್ಬಗಳಿಗೆ ಬಿಳಿ ಕಾಗದ ಅಂಟಿಸಿ ಹೆಸರು ಬರೆಯುತ್ತಿದ್ದಳು. ಸೊಸೆಯ ಹಣೆಯಿಂದ ಬೆವರು ಇಳಿಯುತ್ತಿತ್ತು, ಪಾತ್ರೆ ಹಿಡಿದ ಕೈ ಸೋಲುತ್ತಿತ್ತು. ಕುಳ್ಳಮ್ಮ ಓಡಿಹೋಗಿ ಇಕ್ಕಳಕ್ಕೆ ಕೈ ಹಾಕಿದಳು.

"ಬುಡು ಮಗ, ಬಿದ್ದೋಯ್ತೀಯ. ನಾ ಮಾಡ್ತೀನಿ."

"ಬೇಡ ಅತ್ತೆ." ರೂಪಶ್ರೀ ಇಕ್ಕಳವನ್ನು ಮೆಲ್ಲಗೆ ಬಿಡಿಸಿಕೊಂಡಳು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಕುಳ್ಳಮ್ಮನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಎಷ್ಟು ವರ್ಷ ಮಾಡಿದ್ದೀರಿ. ನೀವು ಕೂತ್ಕೊಳ್ಳಿ."

ಕುಳ್ಳಮ್ಮ ಹೊರಗೆ ಬಂದಳು. ಎಲ್ಲಿ ಕೂರಬೇಕೆಂದು ತೋಚದೆ ಜಗಲಿಯ ಕಂಬ ಹಿಡಿದು ನಿಂತಳು. ಕರಿಯಯ್ಯ ಬರಿದಾದ ಅಂಗಳದ ಕಡೆ ಮುಖ ಮಾಡಿ ಕೂತಿದ್ದ. ಒಳಗಿನಿಂದ ಪಾತ್ರೆಯ ಸದ್ದು ಬಂದಾಗ ಕಿವಿಗೊಟ್ಟು ಕೇಳಿದ.

"ಒಲೆ ಅತ್ರ ಯಾರು?"

"ರೂಪ."

ಅವನು ಹೆಂಡತಿಯ ಕಡೆ ಮುಖ ತಿರುಗಿಸಿದ.

"ಯೋಳ್ಬುಟ್ಟಾ?"

"ಊಂ."

ಒಳಗೆ ಪಾತ್ರೆಯೊಂದು ಜಾರಿ ಬಿದ್ದು ಉರುಳಿತು. ಕುಳ್ಳಮ್ಮ ಆ ಕಡೆಗೆ ಒಂದು ಹೆಜ್ಜೆ ಇಟ್ಟಳು. "ಏನಿಲ್ಲ ಅಜ್ಜಿ, ನೀವು ಬರಬೇಡಿ," ಎಂದು ಹರ್ಷಿತಾ ಕೂಗಿದಳು.

ಕರಿಯಯ್ಯ ಜಗಲಿಯ ಅಂಚನ್ನು ಕೈಯಲ್ಲಿ ತಡವಿ, ತಾನೊಂದಿಷ್ಟು ಆಚೆ ಸರಿದು, ಹೆಂಡತಿಗೆ ಕೂರಲು ಜಾಗ ಬಿಟ್ಟ.